ಕತ್ತರಿಸಿದ ಮೂರನೆಯ ಭಾಗ

ವ್ಯಾನಿನಿಂದ ಕಾಲು ಕೆಳಗಿಡುವ ಮೊದಲೇ ಸಹಾಲಾನಿಗೆ ಆ ಹೆಸರು ಕಂಡಿತು. ಹೊಸ ಮನೆಯ ಗೇಟಿನ ಎರಡೂ ಕಡೆ ಆಳೆತ್ತರದ ಹೂವಿನ ಫಲಕಗಳನ್ನು ಸಾಲಾಗಿ ನಿಲ್ಲಿಸಿದ್ದರು. ಹಳದಿ ಹೂವಿನ ಹಾಸಿನ ಮೇಲೆ ಕೆಂಪು ಹೂವಿನ ಅಕ್ಷರ. ಸರೋವರದಲ್ಲಿ ದೋಣಿ ನಡೆಸುವವರೂ ಓದಿಕೊಳ್ಳಬಹುದಾದಷ್ಟು ದೊಡ್ಡದು. ‘ಎಲ್ಕಾನಾ ಸಿಯಾಹಾನ್ ಅವರ ಗೃಹಪ್ರವೇಶಕ್ಕೆ ಶುಭಾಶಯಗಳು.’ ಸಹಾಲಾ ಒಂದು ಕಾಲನ್ನು ವ್ಯಾನಿನೊಳಗೆ, ಇನ್ನೊಂದನ್ನು ಗಾಳಿಯಲ್ಲಿ ಇಟ್ಟುಕೊಂಡು ಓದಿದ. ಎಲ್ಕಾನಾ ಅನ್ನುವುದು ಬೈಬಲಿನ ಹೆಸರು, ಲಾಗುಬೋತಿಯಂಥ ಊರಿನಲ್ಲಿ ಕಲ್ಲು ಎಸೆದರೆ ಒಬ್ಬ ಎಲ್ಕಾನಾನಿಗೆ ತಾಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆದರೆ ಮನೆ ಒಂದೇ, ಗೇಟು ಒಂದೇ, ಗೃಹಪ್ರವೇಶವೂ ಒಂದೇ. ಬಾಗಿಲಲ್ಲಿ ಕೋಟು ಹಾಕಿ, ಹೆಗಲ ಮೇಲೆ ಉಲೋಸ್ ಶಾಲು ಹೊದ್ದು ನಿಂತಿದ್ದ ಎತ್ತರದ ಮುದುಕರು ಹೆಂಡತಿಯ ಚಿಕ್ಕಪ್ಪ. ಅವರ ಕೋಟಿನ ಜೇಬಿನಿಂದ ಸುರುಳಿ ಸುತ್ತಿದ ಒಂದು ಪತ್ರಿಕೆ ಇಣುಕುತ್ತಿತ್ತು. ಅದರ ನೀಲಿ ರಕ್ಷಾಪುಟವನ್ನು ಸಹಾಲಾ ಕತ್ತಲಲ್ಲೂ ಗುರುತು ಹಿಡಿಯಬಲ್ಲ. ಆ ನೀಲಿಯನ್ನು ಆರಿಸಿದ್ದು ಅವನೇ.

“ಯಾಕ್ರೀ ಅಲ್ಲೇ ನೇತಾಡ್ತಿದ್ದೀರಿ? ಇಳೀರಿ, ಚಿಕ್ಕಪ್ಪ ನೋಡ್ತಿದ್ದಾರೆ,” ಎಂದು ದುಮಾರಿಯಾ ಹಿಂದಿನಿಂದ ನೂಕಿದಳು.

“ನಿಮ್ಮ ಚಿಕ್ಕಪ್ಪನ ಹೆಸರೇನೇ?”

ಅವನು ಏನೋ ಹೊಲಸು ಮಾತಾಡಿದನೇನೋ ಎಂಬಂತೆ ಅವಳು ನೋಡಿದಳು. “ಹಿರಿಯರ ಹೆಸರು ಬಾಯಲ್ಲಿ ಹೇಳ್ತಾರೇನ್ರೀ? ಓಂಪು ಗೊಮ್ಗೊಮ್. ಗೊಮ್ಗೊಮನ ತಾತ.”

“ಮೊಮ್ಮಗ ಹುಟ್ಟೋಕೆ ಮುಂಚೆ?”

“ರಿಸ್ಮಾ ಅಪ್ಪ.”

“ಮಗಳು ಹುಟ್ಟೋಕೆ ಮುಂಚೆ?”

“ಅದಕ್ಕೆ ಮುಂಚೆ ನಾನೇ ಹುಟ್ಟಿರಲಿಲ್ಲ. ಇವತ್ತೇನಾಗಿದೆ ನಿಮಗೆ?”

ಏನಾಗಿದೆ ಎಂದು ಹೇಳಲು ಅಲ್ಲಿ ಹೊತ್ತಿರಲಿಲ್ಲ, ಧೈರ್ಯವೂ ಇರಲಿಲ್ಲ. ಮದುವೆಯಾದಾಗಿನಿಂದ ಅವನು ಈ ಮನುಷ್ಯನನ್ನು ರಿಸ್ಮಾ ಅಪ್ಪನೆಂದೂ, ಆಮೇಲೆ ಓಂಪು ಗೊಮ್ಗೊಮ್ ಎಂದೂ ಕೇಳಿ ಬಲ್ಲ; ಜಕಾರ್ತಾದಲ್ಲಿ ಬಂದರು ಇಲಾಖೆಯ ಕೆಲಸ ಮುಗಿಸಿ ಊರಿಗೆ ಮರಳಿದ್ದಾರೆಂದೂ ಬಲ್ಲ. ಅವರಿಗೂ ಎಲ್ಲರಂತೆ ಅಪ್ಪ ಅಮ್ಮ ಇಟ್ಟ ಒಂದು ಹೆಸರು ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅತ್ತ ಸಿಯಾಂತಾರ್‌ನಲ್ಲಿ ಅವನು ನಡೆಸುವ ‘ಪಾನ್ಸುರ್’ ಪತ್ರಿಕೆಗೆ ಒಂದು ಕಾನೂನಿತ್ತು, ಅದೂ ಅವನದೇ ಕಾನೂನು: ಲೇಖಕರು ಹೆಸರು ಮತ್ತು ಊರು ಮಾತ್ರ ಬರೆಯಬೇಕು, ಕುಲದ ಹೆಸರು ಬರೆಯಕೂಡದು. ನಾವು ಬತಕ್ ಜನ ಒಬ್ಬನ ಮಾತು ಕೇಳುವ ಮೊದಲು ಅವನ ಕುಲ ಕೇಳುತ್ತೇವೆ, ಕುಲ ಕೇಳಿದ ಮೇಲೆ ಅವನು ನಮಗೆ ಏನಾಗಬೇಕೆಂದು ಲೆಕ್ಕ ಹಾಕುತ್ತೇವೆ, ಲೆಕ್ಕ ಮುಗಿಯುವಷ್ಟರಲ್ಲಿ ಮಾತು ತಣ್ಣಗಾಗಿರುತ್ತದೆ. ದೇವರ ವಿಷಯ, ಸಭೆಯ ವಿಷಯ, ಪುರಸಭೆಯ ವಿಷಯ ಮಾತಾಡುವ ಪತ್ರಿಕೆಯಲ್ಲಿ ವಾದಕ್ಕೆ ಬೆಲೆ ಇರಲಿ, ನೆಂಟಸ್ತಿಕೆಗೆ ಬೇಡ ಎಂದು ಮೊದಲ ಸಂಚಿಕೆಯಲ್ಲೇ ಎದೆಯುಬ್ಬಿಸಿ ಬರೆದಿದ್ದ. ಪಾನ್ಸುರ್ ಎಂದರೆ ಊರವರೆಲ್ಲ ಬಂದು ನೀರು ಹಿಡಿಯುವ ಬಿದಿರಿನ ಕೊಳವೆ, ಯಾರ ಕೊಡ ಎಂದು ನೀರು ಕೇಳುವುದಿಲ್ಲ ಎಂದೂ ಬರೆದಿದ್ದ. ಆ ವಾಕ್ಯ ಅವನಿಗೆ ಬಹಳ ಇಷ್ಟವಾಗಿತ್ತು. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು.

“ಬಾ ಅಳಿಯಾ,” ಎಂದರು ಮುದುಕರು. ಸಹಾಲಾ ಎರಡೂ ಕೈಯಲ್ಲಿ ಅವರ ಕೈ ಹಿಡಿದು ಬಾಗಿದ. ಮೂಗು ಆ ಜೇಬಿಗೆ ತಾಗುವಷ್ಟು ಹತ್ತಿರ ಹೋಯಿತು. “ಸಿಯಾಂತಾರ್‌ನಲ್ಲಿ ಎಲ್ಲಾ ಕ್ಷೇಮವಾ? ಪತ್ರಿಕೆ ಹೇಗಿದೆ?”

“ನಡೀತಿದೆ ಮಾವ.”

“ನಡೀಲಿ, ನಡೀಲಿ,” ಎಂದು ಅವರು ಅವನ ಬೆನ್ನು ತಟ್ಟಿದರು. ತಟ್ಟಿದ್ದು ಸ್ವಲ್ಪ ಜೋರಾಗಿತ್ತೆ, ಇಲ್ಲ ಯಾವಾಗಲೂ ಅಷ್ಟೇ ಜೋರೆ ಎಂದು ಅವನು ಹಿತ್ತಲವರೆಗೂ ಯೋಚಿಸುತ್ತ ಹೋದ.

ಹಿತ್ತಲಲ್ಲಿ ಅಳಿಯಂದಿರ ರಾಜ್ಯ. ಹೆಣ್ಣು ಕೊಟ್ಟ ಮನೆಯಲ್ಲಿ ಸಮಾರಂಭವೆಂದರೆ ಹೆಣ್ಣು ತಂದವರೆಲ್ಲ ಲುಂಗಿ ಬಿಗಿದು ಒಲೆಯ ಮುಂದೆ ನಿಲ್ಲಬೇಕು; ಅಲ್ಲಿ ಸಂಪಾದಕನೂ ಒಂದೇ, ಸಾರೋಟಿನವನೂ ಒಂದೇ. ಬೋನಾರ್ ಆಗಲೇ ಹಂದಿಮಾಂಸದ ದೊಡ್ಡ ಬಾಣಲೆಯ ಮುಂದೆ ಬೆವರು ಸುರಿಸುತ್ತ ನಿಂತಿದ್ದ. ಅವನು ದುಮಾರಿಯಾಳ ಅಕ್ಕನ ಗಂಡ, ಸಿಯಾಂತಾರ್‌ನಲ್ಲಿ ಬೆಚಾ ಎಂಬ ಸೈಕಲ್ ರಿಕ್ಷಾಗಳಿಗೆ ಮೋಟಾರು ಕೂರಿಸುವ ಗ್ಯಾರೇಜಿನವನು, ಷಡ್ಡಕನಾದ್ದರಿಂದ ಸಹಾಲಾನನ್ನು ಏನು ಬೇಕಾದರೂ ಅನ್ನುವ ಹಕ್ಕು ಪಡೆದವನು. “ಬಂದ್ರಪ್ಪಾ ಎಡಿಟರು! ಪೆನ್ನು ಜೇಬಲ್ಲಿಡಿ, ಸೌಟು ಹಿಡೀರಿ. ಇಲ್ಲಿ ತಿದ್ದೋಕೆ ಏನಿಲ್ಲ, ತಿರುವೋಕೆ ಬೇಕಾದಷ್ಟಿದೆ,” ಎಂದು ಒಂದು ಟವೆಲು ಎಸೆದ.

ಸಹಾಲಾ ತಿರುವಿದ. ಹಿತವಾದ ಕೆಲಸ ಅದು. ರಕ್ತದಲ್ಲಿ ಬೇಯುವ ಮಾಂಸ, ಆಂದಾಲಿಮಾನ್ ಕಾಳಿನ ಜುಮ್ಮೆನ್ನುವ ವಾಸನೆ, ಹೊಗೆ, ಯಾರೋ ಗಿಟಾರು ಶ್ರುತಿ ಮಾಡುತ್ತಿರುವ ಸದ್ದು, ಹೆಂಗಸರ ಗದ್ದಲ; ಬೇರೆ ದಿನವಾಗಿದ್ದರೆ ಅವನು ಹಾಡು ಹೇಳುತ್ತಿದ್ದ. ಬಾಣಲೆಯ ಅಂಚಿನಲ್ಲಿ ಕೊಬ್ಬು ಕಟ್ಟುವುದನ್ನು ನೋಡಿ ಅವನ ಕೈ ನಿಂತಿತು. ‘ಲಾಗುಬೋತಿಯ ಲೇಖಕರ ದೇವಜ್ಞಾನ ಹಂದಿಯ ಕೊಬ್ಬಿನಂತಿದೆ: ಬಿಸಿಯಿರುವಾಗ ಮಿರಮಿರ ಮಿಂಚುತ್ತದೆ, ಆರಿದ ಮೇಲೆ ತಟ್ಟೆಗೆ ಅಂಟಿಕೊಳ್ಳುತ್ತದೆ.’ ಹಾಗೆಂದು ಬರೆದವನು ಅವನೇ. ಬರೆದು, ಓದಿಕೊಂಡು, ನಕ್ಕು, ಇನ್ನೊಂದು ಕಪ್ ಕಾಫಿ ತರಿಸಿಕೊಂಡಿದ್ದ.

‘ಎಲ್ಕಾನಾ, ಲಾಗುಬೋತಿ’ ಎಂದು ರುಜು ಹಾಕಿ ಬಂದ ಆ ಪ್ರಬಂಧ ನಿಜಕ್ಕೂ ಚೆನ್ನಾಗಿತ್ತು. ಹಬ್ಬದ ಊಟದಲ್ಲಿ ಹಂದಿಯನ್ನು ಕಡಿದು ದವಡೆ ಇಂಥವರಿಗೆ, ಪಕ್ಕೆಲುಬು ಇಂಥವರಿಗೆ, ಬಾಲದ ಕಡೆಯ ತುಂಡು ಮನೆಯವರಿಗೆ ಎಂದು ಹೆಸರು ಕೂಗಿ ಹಂಚುವ ಜಂಬಾರ್ ಇದೆಯಲ್ಲ, ಅದೇ ದೇವರ ಕೃಪೆಯ ರೀತಿ ಎಂದು ಅವರು ವಾದಿಸಿದ್ದರು. ಕೃಪೆ ಮಳೆಯಂತೆ ಎಲ್ಲರ ತಲೆಯ ಮೇಲೂ ಸುಮ್ಮನೆ ಬೀಳುವುದಿಲ್ಲ, ನಿನ್ನ ಹೆಸರು ಹಿಡಿದು ಕೂಗಿ ನಿನ್ನ ಕೈಗೇ ಕೊಡುತ್ತದೆ. ಸರಕಾರ ನಡೆಸುವವರೂ ಇದನ್ನು ಕಲಿಯಬೇಕು ಎಂದಿದ್ದರು. ಸಹಾಲಾ ಅದಕ್ಕೆ ಅದೇ ಸಂಚಿಕೆಯಲ್ಲಿ ‘ಹೆಸರಿಲ್ಲದವನ ಪಾಲು’ ಎಂಬ ಉತ್ತರ ಬರೆದ. ಯಾರ ಕುಲವೂ ಅಲ್ಲದವನು, ಗೇಟಿನ ಹೊರಗೆ ನಿಂತವನು, ಅವನ ಹೆಸರನ್ನು ಯಾರು ಕೂಗುತ್ತಾರೆ? ಈ ಪ್ರಶ್ನೆಗೆ ಲೇಖಕರಲ್ಲಿ ಉತ್ತರ ಎಲ್ಲಿದೆ ಎಂದು ಕೇಳಿದ. ಓದುಗರು ಮೆಚ್ಚಿದರು. ತಾರುತುಂಗ್‌ನ ಒಬ್ಬ ಪಾದ್ರಿ ಅದನ್ನು ಉಪದೇಶದಲ್ಲಿ ಬಳಸಿಕೊಂಡರಂತೆ.

ಆ ಪ್ರಶ್ನೆಗೆ ಉತ್ತರ ಅದೇ ಪ್ರಬಂಧದ ಮೂರನೆಯ ಭಾಗದಲ್ಲಿತ್ತು. ಅದನ್ನು ಸಹಾಲಾ ಕತ್ತರಿಸಿದ್ದ.

ಆ ಮಧ್ಯಾಹ್ನ ಆಹ್ ಸೆಂಗನ ಕಾಫಿ ಅಂಗಡಿಯಲ್ಲಿ ಕರಡು ಹರಡಿಕೊಂಡು ಕೂತಿದ್ದು ಅವನಿಗೆ ಸ್ಪಷ್ಟವಾಗಿ ನೆನಪಿದೆ. ಪುಟ ಮೀರಿತ್ತು. ಮೀರಿದ್ದು ಅವರ ಲೇಖನದಿಂದಲ್ಲ, ಇವನ ಉತ್ತರದಿಂದ. ಎಲ್ಲಾದರೂ ಕೊಯ್ಯಬೇಕು. ಮೂರನೆಯ ಭಾಗ ಬರಿಯ ಬಾಲ್ಯದ ನೆನಪು, ವಾದಕ್ಕೆ ಸಂಬಂಧವಿಲ್ಲ ಎಂದು ಕೆಂಪು ಪೆನ್ಸಿಲು ಹೇಳಿತು, ಅವನು ಒಪ್ಪಿದ. ಹಾಗೆ ಒಪ್ಪುವಾಗ ಒಳಗೆಲ್ಲೋ ಒಂದು ಸಣ್ಣ ಧ್ವನಿ, ಅಲ್ಲಯ್ಯಾ, ಇದು ನಿನ್ನ ಪ್ರಶ್ನೆಗೇ ಉತ್ತರ ಅಲ್ಲವೇನೋ ಎಂದು ಕೇಳಿದ್ದು ನಿಜ. ಆಗ ಸರಿಯಾಗಿ ಆಹ್ ಸೆಂಗ್ ತೆಂಗಿನ ಹಾಲಿನ ಜಾಮು ಹಚ್ಚಿದ ರೊಟ್ಟಿ ತಂದಿಟ್ಟ. ಸಹಾಲಾ ರೊಟ್ಟಿ ತಿಂದ. ಧ್ವನಿ ಸುಮ್ಮನಾಯಿತು. ಆದರೆ ಕತ್ತರಿಸಿದ ಆ ಹಾಳೆಯನ್ನು ಎಸೆಯಲು ಮನಸ್ಸು ಬರಲಿಲ್ಲ, ಮೇಜಿನ ಮೇಲೆ ಬಿದ್ದಿತ್ತು, ಕಣ್ಣಿಗೆ ಬೀಳುತ್ತಲೇ ಇತ್ತು. ಬರಬರುತ್ತ ಬಾಯಿಪಾಠವೇ ಆಗಿಹೋಯಿತು. ಹಲ್ಲುಜ್ಜುವಾಗ ಒಂದು ಸಾಲು, ಇಗರ್ಜಿಯಲ್ಲಿ ಕಣ್ಣು ಮುಚ್ಚಿದಾಗ ಒಂದು ಸಾಲು. ಸಾರ್ವಜನಿಕ ಜೀವನದಲ್ಲಿ ಪ್ರಾಮಾಣಿಕತೆ ಎಂಬ ವಿಷಯದ ಮೇಲೆ ಅವನು ಬರೆದ ಸಂಪಾದಕೀಯಗಳು ಎಷ್ಟಿದ್ದವೆಂದರೆ ಅವನಿಗೇ ಬೇಸರ ಬಂದಿತ್ತು.

“ಏನ್ರೀ, ತಳ ಹತ್ತುತ್ತಿದೆ!” ಎಂದು ಬೋನಾರ್ ಕೂಗಿದ. ಸಹಾಲಾ ಗಾಬರಿಯಿಂದ ಸೌಟು ಆಡಿಸಿದ. ಗೋಡೆಯಾಚೆ ಕಣ್ಣು ಹೋಯಿತು. ವ್ಯಾನ್ ಓಡಿಸಿಕೊಂಡು ಬಂದ ಪಾರ್ಮಿನ್, ಸಿಯಾಂತಾರ್‌ನ ಜಾವಾ ಕೇರಿಯವನು, ಹುಣಸೆಮರದ ನೆರಳಲ್ಲಿ ಕೂತು ಸಿಗರೇಟು ಸುತ್ತುತ್ತಿದ್ದ. ಬೆಳಗಿನಿಂದ ಹೊಟ್ಟೆಗೇನೂ ಹಾಕಿದಂತಿರಲಿಲ್ಲ. ಹಂದಿ ತಿನ್ನದವರಿಗೆಂದು ಆಚೆ ಮೂಲೆಯಲ್ಲಿ, ಬೇರೆ ಒಲೆ, ಬೇರೆ ಪಾತ್ರೆ ಹೂಡಿ ಪಕ್ಕದ ಬೀದಿಯ ಮುಸ್ಲಿಂ ಹೆಂಗಸು ಕೋಳಿ ಬೇಯಿಸುತ್ತಿದ್ದಳು. ಸಹಾಲಾ ಸೌಟನ್ನು ಬೋನಾರನ ಕೈಗೆ ತುರುಕಿ ಹೋಗಿ ಒಂದು ತಟ್ಟೆ ಅನ್ನ, ಕೋಳಿ, ಸೌತೆಕಾಯಿ ಹಾಕಿಸಿಕೊಂಡು ಗೇಟಿನ ಹೊರಗೆ ನಡೆದ. “ಮೊದಲು ತಿನ್ನಿ ಮಾರಾಯ್ರೆ, ವಾಪಸ್ಸು ಹೋಗುವಾಗ ನಿಮಗೆ ಕಣ್ಣು ಕತ್ತಲಿಟ್ಟರೆ ನಾವೆಲ್ಲ ಸರೋವರಕ್ಕೆ,” ಎಂದ. ಪಾರ್ಮಿನ್ ನಕ್ಕು ಕೈ ತೊಳೆದುಕೊಂಡ. ಹಿಂದಿರುಗುವಾಗ ಸಹಾಲಾ ತಲೆಯೆತ್ತಿ ನೋಡಿದರೆ ಮಹಡಿಯ ಕಿಟಕಿಯಲ್ಲಿ ಓಂಪು ಗೊಮ್ಗೊಮ್ ನಿಂತಿದ್ದರು. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ. ಅವನು ತಟಕ್ಕನೆ ತಲೆ ತಗ್ಗಿಸಿ, ಕಳ್ಳನಂತೆ ಗೋಡೆಗೆ ಒತ್ತಿಕೊಂಡು ಹಿತ್ತಲು ಸೇರಿದ.

ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗದೆ ಅವನು ಬೋನಾರನಿಗೆ ಅರ್ಧ ಹೇಳಿದ. ಬರೆದದ್ದನ್ನು ಹೇಳಿದ, ಕತ್ತರಿಸಿದ್ದನ್ನು ಹೇಳಲಿಲ್ಲ. ಬೋನಾರ್ ಬಾಣಲೆಯ ಅಂಚು ಹಿಡಿದುಕೊಂಡು ನಕ್ಕ. ನಗು ನಿಲ್ಲಿಸಲು ಆಗದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. “ಹೆಣ್ಣು ಕೊಟ್ಟ ಮಾವನಿಗೆ ಹಂದಿ ಕೊಬ್ಬು ಅಂದ್ಯಾ? ಅಚ್ಚು ಹಾಕಿಸಿ? ಅಯ್ಯೋ ನಿನ್ನ! ನಾನು ಮಾವನ ಮನೆ ನಾಯಿಗೂ ಬಹುವಚನ ಹಾಕ್ತೀನಿ ಕಣೋ!”

“ಮೆಲ್ಲಗೆ ಮಾತಾಡು ಮಾರಾಯ.”

“ಇದರಲ್ಲೇನಿದೆ? ಊಟ ಆದಮೇಲೆ ಹೋಗಿ ಬಾಗು. ತಪ್ಪಾಯ್ತು ಅನ್ನು. ಅವರು ಮೀನು ತಿನ್ನಿಸ್ತಾರೆ, ತಲೆ ಮೇಲೆ ಅಕ್ಕಿ ಹಾಕ್ತಾರೆ. ತೊಳೆದುಹೋಯ್ತು. ನಾನು ಮಾವನ ಜೀಪು ಗದ್ದೆಗೆ ಇಳಿಸಿದಾಗ ಹಾಗೇ ಆಗಿದ್ದು.”

ಮೆಲ್ಲಗೆ ಮಾತಾಡುವುದು ಬೋನಾರನ ಗಂಟಲಿಗೆ ಹೊಂದುವುದಿಲ್ಲ. ಮಾತು ಬಾಣಲೆಯಿಂದ ಬಾಣಲೆಗೆ ಹಾರಿ, ಅಕ್ಕಿ ತೊಳೆಯುವ ಹೆಂಗಸರನ್ನು ದಾಟಿ ದುಮಾರಿಯಾಳನ್ನು ಮುಟ್ಟಿತು. ಅವಳು ಕೈಯಲ್ಲಿದ್ದ ಈರುಳ್ಳಿ ಕೈಯಲ್ಲೇ ಹಿಡಿದು ಬಂದಳು. ಕಣ್ಣಲ್ಲಿ ನೀರಿತ್ತು, ಈರುಳ್ಳಿಯದೋ ಸಿಟ್ಟಿನದೋ. “ನಾನು ಓದಿ ‘ಭಲೇ’ ಅಂದಿದ್ದೆನಲ್ರೀ! ಚಿಕ್ಕಪ್ಪನಿಗೇ ಅಂತ ಗೊತ್ತಿದ್ರೆ ಆ ಪೆನ್ನು ಮುರಿದು ಒಲೆಗೆ ಹಾಕ್ತಿದ್ದೆ. ಹೋಗಿ ಕ್ಷಮೆ ಕೇಳಿ. ಇವತ್ತೇ, ಎಲ್ಲರ ಮುಂದೆ.”

“ಕೇಳ್ತೀನಿ.”

“ಇಷ್ಟು ಬೇಗ ಒಪ್ಪಿಕೊಂಡ್ರಾ? ಇನ್ನೇನೋ ಇದೆ,” ಎಂದಳು ದುಮಾರಿಯಾ. ಅಷ್ಟರಲ್ಲಿ ಯಾರೋ ಕರೆದರು, ಅವಳು ಈರುಳ್ಳಿಯ ಜೊತೆ ಓಡಿದಳು.

ಸಹಾಲಾನಿಗೆ ವಿಚಿತ್ರವೆನಿಸಿತು. ಇಡೀ ಹಿತ್ತಲು ಅವನ ತಪ್ಪನ್ನು ತಿಳಿದುಕೊಂಡಿತ್ತು, ತಿಳಿದುಕೊಂಡು ನಗುತ್ತಿತ್ತು, ಅದನ್ನು ತೊಳೆಯುವ ದಾರಿಯನ್ನೂ ಹೇಳಿಕೊಡುತ್ತಿತ್ತು. ಆದರೆ ಅದು ಅವನ ತಪ್ಪೇ ಅಲ್ಲ. ಆ ಕೊಬ್ಬಿನ ಮಾತು ಇರಲಿ, ಆ ಪ್ರಶ್ನೆಯನ್ನು ಅವನು ದೇವರ ಎದುರು ಬೇಕಾದರೂ ನಿಂತು ಕೇಳುತ್ತಾನೆ. ಒಬ್ಬನ ಬಾಯಿ ಮುಚ್ಚಿ ಹಿಡಿದು, ಯಾಕಯ್ಯಾ ಮಾತಾಡುವುದಿಲ್ಲ ಎಂದು ಕೇಳಿದ್ದು ತಪ್ಪು. ಅದು ಗೊತ್ತಿರುವವರು ಲೋಕದಲ್ಲಿ ಇಬ್ಬರೇ. ಒಬ್ಬ ಲುಂಗಿ ಕಟ್ಟಿಕೊಂಡು ಅನ್ನದ ಬುಟ್ಟಿ ಹೊರುತ್ತಿದ್ದಾನೆ, ಇನ್ನೊಬ್ಬರು ಚಾಪೆಯ ಮೇಲೆ ಕೋಟಿನ ಜೇಬು ಸವರಿಕೊಳ್ಳುತ್ತ ಕೂತಿದ್ದಾರೆ. ಅವರ ಕೈಗೆ ಇನ್ನು ಸ್ವಲ್ಪ ಹೊತ್ತಿಗೆ ಮೈಕು ಬರುತ್ತದೆ. ಬತಕ್ ಮುದುಕನ ಕೈಗೆ ಮೈಕು ಬಂದಮೇಲೆ ಏನು ಬೇಕಾದರೂ ಆಗಬಹುದು. ‘ಪಾನ್ಸುರ್’ ಸಂಪಾದಕನ ಪ್ರಾಮಾಣಿಕತೆ ಎಂಥದೆಂದು ಅವರು ಒಂದೇ ವಾಕ್ಯದಲ್ಲಿ ಹೇಳಿದರೂ ಸಾಕು, ನಾಳೆ ಆರಾಧನೆ ಮುಗಿಯುವ ಹೊತ್ತಿಗೆ ಸಿಯಾಂತಾರ್‌ಗೆ ತಲುಪಿರುತ್ತದೆ. ಪತ್ರಿಕೆ ಅಲ್ಲಿಗೆ ಮುಗಿಯಿತು. ಅದು ಬಿಟ್ಟು ಅವನಿಗೆ ಬೇರೆ ಜೀವನವಿರಲಿಲ್ಲ, ಇದ್ದರೂ ಅವನು ಹುಡುಕಿರಲಿಲ್ಲ.

ಊಟ ಬಡಿಸಿದ. ಮುದುಕರ ಚಾಪೆಯ ಮುಂದೆ ಬಾಗಿ ಪಕ್ಕೆಲುಬು ಹಾಕಿದ. “ಇನ್ನೊಂದು ಸ್ವಲ್ಪ ಮಾವ?” “ಸಾಕು. ಕೊಬ್ಬಿನ ತುಂಡು ತೆಗೆದುಬಿಡು, ಡಾಕ್ಟರು ಬೇಡ ಅಂದಿದ್ದಾರೆ,” ಎಂದರು. ಮುಖದಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿದ್ದ ಇನ್ನಿಬ್ಬರು ಮುದುಕರು ಕೆಮ್ಮಿದರು. ಸಹಾಲಾನ ಸೌಟಿನಿಂದ ಸಾರು ಚಾಪೆಯ ಮೇಲೆ ಚೆಲ್ಲಿತು. ಅವನು ಮಂಡಿಯೂರಿ ಒರೆಸುವಾಗ ಜೇಬಿನ ಪತ್ರಿಕೆ ಕಣ್ಣಿನ ಮಟ್ಟಕ್ಕೇ ಬಂತು. ಅದರ ಅಂಚುಗಳು ಸವೆದಿದ್ದವು. ಬಹಳ ಸಲ ಓದಿದ ಪತ್ರಿಕೆ. ಆ ಸವೆದ ಅಂಚನ್ನು ನೋಡಿ, ಆ ಗಾಬರಿಯಲ್ಲೂ, ಅವನಿಗೆ ಸಂಪಾದಕನ ಒಂದು ಹುಚ್ಚು ಸಂತೋಷವಾಯಿತು.

ಜಂಬಾರ್ ಹಂಚುವುದು ಶುರುವಾಯಿತು. ಹೆಸರು ಕೂಗುವವನು ದವಡೆ ಎತ್ತಿದ, ಪಕ್ಕೆಲುಬು ಎತ್ತಿದ, ಒಂದೊಂದು ಪಾಲಿಗೂ ಯಾರದು ಎಂದು ಚರ್ಚೆ, ತಮಾಷೆ, ‘ಇಮಾ ತುತು!’ ಎಂದು ಎಲ್ಲರೂ ಒಂದೇ ಕಂಠದಲ್ಲಿ ಹೌದು ಹೌದು ಎನ್ನುವುದು. ಅದು ಮುಗಿದ ಮೇಲೆ ಮನೆಯವರು ದುಡಿದ ಅಳಿಯಂದಿರನ್ನು ಕರೆದು ಹರಸುವ ಪದ್ಧತಿ. ಬೋನಾರ್ ಹೋದ, ಮೀನು ತಿಂದ, ಬಂದ. “ಸಿಲಿತೋಂಗಾ ಕುಲದ ಅಳಿಯ ಎಲ್ಲಿ? ನಮ್ಮ ದುಮಾರಿಯಾಳ ಗಂಡ?” ಎಂದು ಮೈಕಿನಲ್ಲಿ ಮುದುಕರ ದನಿ ಕೇಳಿತು. ಹಿತ್ತಲಿನವರೆಲ್ಲ ಬಾಗಿಲಿಗೆ ಬಂದು ಮುತ್ತಿದರು. ದುಮಾರಿಯಾ ಅವನ ಟವೆಲು ಕಿತ್ತುಕೊಂಡು ಬೆನ್ನಿಗೆ ಕೈ ಕೊಟ್ಟಳು.

ಸಹಾಲಾ ಹೋಗಿ ಮಂಡಿಯೂರಿದ. ಓಂಪು ಗೊಮ್ಗೊಮ್ ಹಳದಿ ಮಸಾಲೆಯ ಇಡೀ ಮೀನಿನಿಂದ ಒಂದು ದೊಡ್ಡ ತುಂಡು ಮುರಿದರು. “ಈ ನನ್ನ ಅಳಿಯ ಪತ್ರಿಕೆಯಲ್ಲಿ ನನ್ನ ಬಗ್ಗೆ ಏನೋ ಬರೆದಿದ್ದಾನಂತೆ,” ಎಂದರು ಮೈಕಿಗೆ. ಸಭೆಯಲ್ಲಿ ನಗು ಎದ್ದಿತು. ಅಂದರೆ ಅಲ್ಲಿಗೂ ಮುಟ್ಟಿತ್ತು. “ನಾನು ಯಾರು ಅಂತ ಗೊತ್ತಿಲ್ಲದೆ ಬರೆದದ್ದು. ಹೆಣ್ಣು ಕೊಟ್ಟವರಿಗೆ ಆಡಬಾರದ ಮಾತು ಆಡಿದ್ದನ್ನು ನಾನು ಈ ಮೀನಿನ ಜೊತೆ ಮರೆತಿದ್ದೇನೆ. ಅವನ ಮನೆ ತುಂಬಲಿ, ಮಕ್ಕಳು ಬೆಳೆಯಲಿ.” “ಇಮಾ ತುತು!” ಎಂದಿತು ಸಭೆ. ಮೀನು ಬಾಯಿಗೆ ಬಂತು. ಅವರು ಮೈಕನ್ನು ಪಕ್ಕಕ್ಕೆ ಹಿಡಿದು, ಬಗ್ಗಿ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದರು: “ಆ ಮಾತಿಗೆ ಮಾತ್ರ ಕಣೋ ಈ ಮೀನು. ಇನ್ನೊಂದಕ್ಕೆ ನನ್ನ ಹತ್ರ ಮೀನಿಲ್ಲ.”

ಬಾಯಿ ತುಂಬ ಮೀನು, ತಲೆಯ ಮೇಲೆ ಅಕ್ಕಿಕಾಳು. ಸಹಾಲಾ ಅಗಿಯುವುದನ್ನೇ ಮರೆತ. ಅವರು ಹೇಳುವುದಿಲ್ಲ, ಎಂದೂ ಹೇಳುವುದಿಲ್ಲ ಎಂದು ಅವನಿಗೆ ತಿಳಿಯಿತು. ಪತ್ರಿಕೆ ಉಳಿಯಿತು, ಮಾನ ಉಳಿಯಿತು, ಎದ್ದು ಹೋಗಿ ತಟ್ಟೆ ತೊಳೆಯಬಹುದು. ಹಗುರಾಗಬೇಕಿತ್ತು. ಆಗಲಿಲ್ಲ. ಬೆಳಗಿನಿಂದ ಆ ಮೈಕಿಗೆ ಹೆದರಿದ್ದವನಿಗೆ ಈಗ ಅದು ತನ್ನ ಗುಟ್ಟನ್ನು ಹೇಳದೆ ಇದ್ದದ್ದಕ್ಕೇ ಅವಮಾನವೆನಿಸಿತು. ಅವನು ಹಿತ್ತಲಿಗೆ ಮರಳಿ ಒಂದು ತಟ್ಟೆ ತೊಳೆದ. ಇನ್ನೊಂದು ತೊಳೆದ. ಒಳಗೆ ಮಾತಿನ ಸರದಿ ನಡೆಯುತ್ತಿತ್ತು. ಮನೆಯವರು ಮಾತಾಡಿದರು, ಊರ ಹಿರಿಯರು ಮಾತಾಡಿದರು, ಕೊನೆಗೆ ಪದ್ಧತಿಯಂತೆ, “ಅಳಿಯಂದಿರ ಪರವಾಗಿ ಒಂದೆರಡು ಮಾತು” ಎಂದು ಕೂಗಿದರು. ಅದು ಯಾವಾಗಲೂ ಬೋನಾರನ ಕೆಲಸ. ಬೋನಾರ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ನಾನು ಹೋಗ್ತೀನಿ,” ಎಂದ ಸಹಾಲಾ.

“ನೀನಾ? ಕ್ಷಮೆ ಆಯ್ತಲ್ಲೋ. ಮತ್ತೆ ಕೆದಕಬೇಡ.”

ಅವನು ಒದ್ದೆ ಕೈಯಲ್ಲೇ ಮೈಕು ಹಿಡಿದ. ಶುರು ಮಾಡುವ ಔಪಚಾರಿಕ ಮಾತುಗಳೆಲ್ಲ ಮರೆತುಹೋದವು. ಕಣ್ಣು ಮುಚ್ಚಿದರೆ ಆ ಹಾಳೆ ಕಂಡಿತು, ಅದನ್ನೇ ಹೇಳಿದ.

“‘ಯುದ್ಧದ ಕಾಲ. ನಾವು ಓಡಿಹೋಗಿ ಸೇರಿದ ಊರಿನಲ್ಲಿ ನಮ್ಮ ಕುಲದವರು ಒಬ್ಬರೂ ಇರಲಿಲ್ಲ. ಒಂದು ಮನೆಯಲ್ಲಿ ಹಬ್ಬ. ಹಂದಿ ಕಡಿದರು, ಪಾಲು ಕೂಗಿದರು. ನಾನು ಅಮ್ಮನ ಬಟ್ಟೆಯ ಅಂಚು ಹಿಡಿದು ಬೇಲಿಯ ಹೊರಗೆ ನಿಂತಿದ್ದೆ. ಎಲ್ಲರ ಹೆಸರೂ ಮುಗಿಯಿತು. ಆಗ ಆ ಮನೆಯ ಮುದುಕಿ ತನಗೆ ಬಂದ ತುಂಡನ್ನು ಎರಡು ಮಾಡಿ, ಒಂದನ್ನು ಎತ್ತಿ ಹಿಡಿದು ಗಟ್ಟಿಯಾಗಿ ಕೂಗಿದಳು: ಬೇಲಿಯ ಹತ್ತಿರ ನಿಂತವರ ಪಾಲು! ಆವತ್ತು ನಮಗೆ ಅದೇ ಹೆಸರಾಯಿತು. ಕೂಗುವ ಬಾಯಿ ಒಂದಿದ್ದರೆ ಹೆಸರಿಲ್ಲದವರು ಯಾರೂ ಇಲ್ಲ.’”

ಇಮಾ ತುತು ಎನ್ನಬೇಕೋ ಬೇಡವೋ ಎಂದು ಜನಕ್ಕೆ ಗೊತ್ತಾಗಲಿಲ್ಲ.

“ಇದು ಮಾವ ಬರೆದದ್ದು,” ಎಂದ ಸಹಾಲಾ. “ಅವರ ಲೇಖನದ ಮೂರನೆಯ ಭಾಗ. ಇದನ್ನು ನಾನು ಕತ್ತರಿಸಿದೆ. ಕತ್ತರಿಸಿ, ಗೇಟಿನ ಹೊರಗೆ ನಿಂತವನ ಹೆಸರು ಯಾರು ಕೂಗ್ತಾರೆ, ಉತ್ತರ ಎಲ್ಲಿದೆ ಅಂತ ಕೇಳಿ ನಾನೇ ಬರೆದೆ. ಉತ್ತರ ನನ್ನ ಮೇಜಿನ ಮೇಲೇ ಇತ್ತು.”

“ಅಯ್ಯೋ ಕಳ್ಳಾ!” ಎಂದು ಬೋನಾರ್ ಬಾಗಿಲಿನಿಂದ ಕೂಗಿದ. ಅದು ತುಂಬ ಪ್ರಾಮಾಣಿಕವಾಗಿ ಬಂದ ಕೂಗು. ಒಬ್ಬರು ನಕ್ಕರು, ಇಬ್ಬರು ನಕ್ಕರು, ಆಮೇಲೆ ಇಡೀ ಮನೆ ಗೊಳ್ಳೆಂದಿತು. ದುಮಾರಿಯಾ ಮಾತ್ರ ನಗಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಅವನನ್ನೇ ನೋಡುತ್ತಿದ್ದಳು, ಮದುವೆಗೆ ಮುಂಚೆ ಒಮ್ಮೆ ನೋಡಿದ್ದ ಹಾಗೆ.

ಓಂಪು ಗೊಮ್ಗೊಮ್ ಕೈ ಚಾಚಿದರು, ಮೈಕು ಅವರಿಗೆ ಹೋಯಿತು. ಕೋಟಿನ ಜೇಬಿನಿಂದ ಪತ್ರಿಕೆ ತೆಗೆದರು, ಬಿಚ್ಚಿದರು, ಮತ್ತೆ ಸುತ್ತಿದರು.

“‘ಗಟ್ಟಿಯಾಗಿ’ ಅಂತ ನಾನು ಬರೆದಿರಲಿಲ್ಲ. ಆ ಪದ ನೀನು ಸೇರಿಸಿದ್ದು,” ಎಂದರು.

“ಹೌದಾ ಮಾವ?”

“ಇರಲಿ ಬಿಡು, ಚೆನ್ನಾಗಿದೆ. ಗಟ್ಟಿಯಾಗೇ ಕೂಗಿದ್ದಳು.” ಅವರು ಪತ್ರಿಕೆಯನ್ನು ಮಂಡಿಯ ಮೇಲಿಟ್ಟುಕೊಂಡರು. “ಆದರೆ ಒಂದು ಮಾತು. ಬರೆಯುವಾಗ ಇದು ನನಗೆ ಭಾರಿ ಉತ್ತರ ಅನ್ನಿಸಿತ್ತು. ಈಗ ಇನ್ನೊಬ್ಬರ ಬಾಯಲ್ಲಿ ಕೇಳಿದರೆ ತೂತು ಕಾಣ್ತಿದೆ. ಆ ಮುದುಕಿ ಕೂಗಿದ್ದು ಯಾವಾಗ? ಎಲ್ಲರ ಹೆಸರೂ ಮುಗಿದ ಮೇಲೆ. ಅಂದರೆ ಕಟ್ಟಳೆ ನಮ್ಮನ್ನು ಮರೆತಿತ್ತು, ಅವಳು ಕಟ್ಟಳೆ ಮೀರಿ ಕೊಟ್ಟಳು. ಅದು ಅವಳ ದೊಡ್ಡತನ, ಜಂಬಾರಿನದಲ್ಲ. ನಿನ್ನ ಪ್ರಶ್ನೆ ಹಾಗೇ ನಿಂತಿದೆ ಅಳಿಯಾ. ಈ ಭಾಗ ಕತ್ತರಿಸಿದ್ದೇ ಸರಿ.”

ಸಹಾಲಾ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡ.

“ಆದರೆ ಕತ್ತರಿಸಬೇಕಾದವನು ನಾನು, ನೀನಲ್ಲ.”

“ಹೌದು ಮಾವ.”

“ಈಗ ಹೇಳು. ಬೆಳಿಗ್ಗೆ ಗೇಟಿನ ಹೊರಗೆ ಆ ಡ್ರೈವರಿಗೆ ಅನ್ನ ತಗೊಂಡು ಹೋದೆಯಲ್ಲ, ನಿನಗೆ ಯಾರು ಹೇಳಿದರು?”

“ಯಾರೂ ಹೇಳಲಿಲ್ಲ. ಅಳಿಯಂದಿರ ಕೆಲಸ ಅಲ್ವಾ ಅದು? ಹಂದಿ ತಿನ್ನದವರಿಗೆ ಬೇರೆ ಒಲೆ ಯಾವಾಗಲೂ ಇರುತ್ತೆ.”

“ಯಾವಾಗಲೂ ಇರುತ್ತೆ!” ಮುದುಕರು ಚಾಪೆಯ ಮೇಲೆ ಪತ್ರಿಕೆಯಿಂದ ಬಡಿದರು. “ಕೇಳಿದಿರಾ? ಯಾರೂ ಕೂಗಲ್ಲ, ಯಾರೂ ಎಣಿಸಲ್ಲ, ಆದರೆ ಒಲೆ ಹೂಡದ ಹಬ್ಬವೇ ಇಲ್ಲ. ಇಷ್ಟು ವರ್ಷ ಆ ಕೋಳಿ ಒಲೆ ಕಣ್ಣ ಮುಂದೆ ಇದ್ದರೂ ನಾನು ಹಂದಿಯ ದವಡೆ ನೋಡ್ತಾ ಕೂತಿದ್ದೆ. ಇವನು ಗೇಟಿನವನ ಪಾಲೆಲ್ಲಿ ಅಂತ ಅಚ್ಚು ಹಾಕಿಸ್ತಾನೆ, ಆಮೇಲೆ ಲುಂಗಿ ಕಟ್ಟಿಕೊಂಡು ತಾನೇ ಹೊತ್ತುಕೊಂಡು ಹೋಗ್ತಾನೆ! ನಾನು ಇದರ ಮೇಲೆ ಬರೀತೀನಿ. ಎಷ್ಟು ಪುಟ ಕೊಡ್ತೀಯ?”

“ಇಮಾ ತುತು!” ಎಂದು ಯಾರೋ ಅರ್ಥವಾಗದೆಯೇ ಕೂಗಿದರು. ಹಿಂದ್ಹಿಂದೆಯೇ ಎಲ್ಲರೂ ಕೂಗಿದರು. ಹೆಣ್ಣಿನ ತೆರ ಮಾತಾಡುವ ದಿನ ಎರಡೂ ಕಡೆಯವರು ಮುಂದಕ್ಕೆ ಜರುಗಿ ಕೂರುವಂತೆ ಸಭೆ ಮುಂದಕ್ಕೆ ಜರುಗಿತು.

“ಎಷ್ಟು ಬೇಕು ಮಾವ?” ಎಂದ ಸಹಾಲಾ, ಎಚ್ಚರಿಕೆಯಿಂದ.

“ಹನ್ನೆರಡು.”

“ಹೆಣ್ಣು ಕೊಟ್ಟವರು ಕೇಳಿದಷ್ಟು ಕೊಟ್ಟುಬಿಡಯ್ಯಾ!” ಎಂದು ಚಾಪೆಯ ಮುದುಕರೊಬ್ಬರು ಒತ್ತಿದರು. ದುಮಾರಿಯಾ ಬಾಗಿಲಿನಿಂದ ಕೊಡಿ ಕೊಡಿ ಎಂದು ಸನ್ನೆ ಮಾಡಿದಳು. ಸಹಾಲಾನ ಬೆನ್ನ ಮೇಲೆ ಇಡೀ ಕುಲದ ಭಾರವಿತ್ತು. ಬಾಯಲ್ಲಿ ಆಶೀರ್ವಾದದ ಮೀನಿನ ರುಚಿ ಇನ್ನೂ ಇತ್ತು. ಹನ್ನೆರಡು ಎಂದುಬಿಡುವುದು ಎಷ್ಟು ಸುಲಭ! ಆದರೆ ಹನ್ನೆರಡು ಪುಟ ಯಾವ ಲೇಖನಕ್ಕೂ ಜಾಸ್ತಿ. ಅದು ಮಾವನ ಲೇಖನವಾದರೂ ಜಾಸ್ತಿ.

“ಆರು,” ಎಂದ.

ಹಿತ್ತಲಿನಿಂದ ಬೋನಾರ್ ಅಯ್ಯೋ ಎಂದದ್ದು ಕೇಳಿತು.

“ಹತ್ತು.”

“ಆರು ಮಾವ. ಜಾಸ್ತಿ ಬಂದರೆ ಕತ್ತರಿಸ್ತೀನಿ.”

ಮುದುಕರು ಅವನನ್ನು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು, ಭುಜದ ಶಾಲು ಜಾರಿತು, ಇಡೀ ಮನುಷ್ಯ ನಕ್ಕರು.

“ಕತ್ತರಿಸು,” ಎಂದರು. “ನನಗೆ ಹೇಳಿ ಕತ್ತರಿಸು.”

ಸಹಾಲಾ ಅವರ ಮುಂದಿದ್ದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡ. ತಲೆಯ ಮೇಲಿನ ಅಕ್ಕಿಕಾಳು ಒಂದೆರಡು ತಟ್ಟೆಗೆ ಉದುರಿದವು. ಹಿತ್ತಲಿಗೆ ಹೋಗುವಾಗ ಅವನಿಗೇ ತಿಳಿಯದಂತೆ ಬಾಯಲ್ಲಿ ಹಾಡು ಬಂದಿತ್ತು.